ನೀಲಿ ಕುರ್ತಿಯ ಹೆಬ್ಬೆರಳು

ಒಂದು ಕುರ್ತಿಗೆ ಇನ್ನೂರ ನಲವತ್ತೊಂಬತ್ತು. ಎರಡು ತೆಗೆದುಕೊಂಡರೆ ನಾನೂರ ನಲವತ್ತೊಂಬತ್ತು. ಮನೆ ಬಾಗಿಲಿಗೆ ತಂದುಕೊಡುವುದಕ್ಕೆ ನಲವತ್ತು. ಐನೂರು ದಾಟಿದರೆ ಅದೂ ಇಲ್ಲ ಎಂದು ಎಲ್ಲರೂ ಬೇಡದ ದುಪಟ್ಟಾ ಒಂದನ್ನು ಸೇರಿಸಿ ಐನೂರು ದಾಟಿಸುತ್ತಾರೆ. ಇದರ ಮೇಲೆ ನನ್ನ ಕೂಲಿ ಅರವತ್ತು. ಅದೇ ಕುರ್ತಿಯನ್ನು ನಮ್ಮೂರಿನ ಟೈಲರ್ ರುಕ್ಮಣ್ಣನ ಹತ್ತಿರ ಹೊಲಿಸಿದರೆ ಬಟ್ಟೆಗೆ ಮುನ್ನೂರು, ಹೊಲಿಗೆಗೆ ಇನ್ನೂರೈವತ್ತು, ಜೊತೆಗೆ ಒಂದು ದಿನದ ಮಂಡಿನೋವು. ಆ ಮಂಡಿನೋವು ಬೇಡ ಅನ್ನುವವರಿಗೆ ಆ್ಯಪ್ ಅಗ್ಗ. ನಾನು ಆ ಅರವತ್ತು ರೂಪಾಯಿಯಲ್ಲಿ ಬದುಕಿದವಳು. ಹಾಗಾಗಿ ಬಹಳ ದಿನ ನಾನೂ ಅಗ್ಗ ಅಂತಲೇ ಹೇಳುತ್ತಿದ್ದೆ.

ನಮ್ಮೂರಿನಲ್ಲಿ ಹೊಸ ಬಟ್ಟೆ ಹಾಕಿಕೊಂಡ ಮೊದಲ ದಿನ, ಅದನ್ನು ಹೊಲಿದವರ ನೋವು ಹಾಕಿಕೊಂಡವರಿಗೆ ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಇಳಿದುಹೋಗುತ್ತದೆ. ಮಾರನೆಯ ದಿನದಿಂದ ಅದು ಬರೀ ಬಟ್ಟೆ. ರುಕ್ಮಣ್ಣನಿಗೆ ಮೆಷಿನ್ ತುಳಿದು ತುಳಿದು ಬಲಮಂಡಿ ಹೋಗಿದೆ. ಅದಕ್ಕೇ ಹಬ್ಬದ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮಕ್ಕಳು, ಮುದುಕರು, ಹೊಸ ಅಳಿಯ, ಎಲ್ಲರೂ ಬಲಗಾಲು ಎಳೆದುಕೊಂಡೇ ಓಡಾಡುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಒಬ್ಬೊಬ್ಬರಾಗಿ ಅವನ ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬರಬೇಕು, ಅದು ಪದ್ಧತಿ. ಒಬ್ಬರು ಎಳ್ಳೆಣ್ಣೆ ಒಯ್ಯುತ್ತಾರೆ, ಇನ್ನೊಬ್ಬರು ಶುಂಠಿ ಬೆಲ್ಲ.

"ಈ ಸಲ ಜಾಸ್ತಿ ಆಗಿದೆಯಲ್ಲ ರುಕ್ಮಣ್ಣ, ಮೆಟ್ಟಿಲು ಹತ್ತೋಕೆ ಆಗ್ಲಿಲ್ಲ ನಂಗೆ. ಮೆಷಿನ್‌ಗೆ ಮೋಟರ್ ಹಾಕಿಸ್ಬಾರದಾ?"

"ಹಾಕಿಸ್ಬಹುದು. ಆಮೇಲೆ ನನ್ನ ಮಾತಾಡ್ಸೋಕೆ ನೀವ್ಯಾರು ಬರ್ತೀರ?" ಅನ್ನುತ್ತಾನೆ ಅವನು, ಎಣ್ಣೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತ.

ಆಮೇಲೆ ಎಲ್ಲರ ಫೋನಿಗೂ ಬಟ್ಟೆಯ ಆ್ಯಪ್‌ಗಳು ಬಂದವು. ನಮ್ಮ ಬೀದಿಯಲ್ಲಿ ಮೊದಲು ತರಿಸಿದವಳು ಪಕ್ಕದ ಮನೆಯ ಲಕ್ಕತ್ತೆಯ ಮಗಳು ಜಲಜ. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಅವಳಿಗೆ. ಹಳದಿ ಟಾಪ್ ಹಾಕಿಕೊಂಡು ಹೋದ ದಿನ ಕಣ್ಣು ಉರಿದು ನೀರು ಸುರಿಯುತ್ತಲೇ ಇತ್ತು. ಬಂದ ಗಿರಾಕಿಗಳೆಲ್ಲ ಯಾವನೋ ಕೈಕೊಟ್ಟಿದ್ದಾನೆ ಅಂದುಕೊಂಡು ಚಿಲ್ಲರೆ ಕೂಡ ಕೇಳದೆ ಹೋದರು. ಸಂಜೆ ಅವಳಿಗೆ ಆ ಕಣ್ಣುರಿಗಿಂತ ದೊಡ್ಡದಾಗಿ ಕಂಡದ್ದು ಬೇರೆ. ಯಾರನ್ನು ಹೋಗಿ ವಿಚಾರಿಸುವುದು? ಡಬ್ಬದ ಮೇಲೆ ಒಂದು ಗೋದಾಮಿನ ವಿಳಾಸ ಇತ್ತು, ಅಷ್ಟೇ. ವಿಚಾರಿಸದೆ ಉಳಿದ ನೋವು ಸಾಲ ಇದ್ದಹಾಗೆ ಎಂದು ನಂಬಿದ ಊರು ನಮ್ಮದು. ಮುಂದಿನ ಪಾರ್ಸೆಲ್ ಬಂದಾಗ ಅವಳು ಅದನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದಳು.

"ಹೊನ್ನಕ್ಕ, ನೀನು ಹೇಗೂ ಮನೇಲಿರ್ತೀಯ. ಒಂದಿನ ಹಾಕ್ಕೊಂಡು ಕೊಡ್ತೀಯಾ? ಸುಮ್ನೆ ಬೇಡ, ಕೊಡ್ತೀನಿ."

ಊದುಬತ್ತಿ ಹೊಸೆಯುವ ಕೆಲಸ ನಿಂತು ನಾನು ಖಾಲಿ ಕೂತಿದ್ದ ಕಾಲ ಅದು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಒಪ್ಪಿಕೊಂಡೆ. ಜಲಜ ಗೆಳತಿಗೆ ಹೇಳಿದಳು, ಗೆಳತಿ ಓರಗಿತ್ತಿಗೆ ಹೇಳಿದಳು. ಮಳೆಗಾಲ ಕಳೆಯುವಷ್ಟರಲ್ಲಿ ನಾನು ಊರಿಗೆಲ್ಲ ಉಟ್ಟುಕೊಡುವ ಹೊನ್ನಿಯಾಗಿದ್ದೆ.

ದಿನಕ್ಕೊಂದು ಹೊಸ ಬಟ್ಟೆ, ಒಂದೂ ನನ್ನದಲ್ಲ. ಸರಿಹೋಗದಿದ್ದರೆ ವಾಪಸ್ ಕಳಿಸಬೇಕಲ್ಲ, ಅದಕ್ಕೆ ಬೆಲೆಯ ಚೀಟಿ ಕೀಳುವ ಹಾಗಿಲ್ಲ. ಇಡೀ ದಿನ ಕತ್ತಿನ ಹಿಂದೆ ಅದು ತುರಿಸುತ್ತಿರುತ್ತಿತ್ತು. ನನಗಿಂತ ಸಣ್ಣ ಸೈಜಿನವರಿಗೆ ಆಗುವುದಿಲ್ಲ ಅಂದುಬಿಟ್ಟಿದ್ದೆ, ಒಮ್ಮೆ ಹೆಗಲ ಹತ್ತಿರ ಪಟಾರನೆ ಹರಿದು ಅದರ ಬೆಲೆ ತೆತ್ತ ಮೇಲೆ. ಆದರೆ ಆ ಕೆಲಸದಲ್ಲಿ ನಾನು ಕಲಿತದ್ದು ಬಹಳ. ಫೋಟೋದಲ್ಲಿ ಚೆಂದ ಕಾಣುವ ಹುಡುಗಿಯ ಕುರ್ತಿಯನ್ನು ಹಿಂದಿನಿಂದ ಪಿನ್ನು ಹಾಕಿ ಬಿಗಿದಿರುತ್ತಾರೆ, ಅದನ್ನು ನಂಬಬಾರದು. ಫೋನಿನಲ್ಲಿ ಕೆಳಗೆ ಇಳಿದು ಹೋದರೆ ಕೊಂಡವರು ತಮ್ಮ ಬಚ್ಚಲ ಕನ್ನಡಿಯ ಮುಂದೆ ನಿಂತು ತೆಗೆದ ಫೋಟೋ ಇರುತ್ತವೆ, ನೋಡಬೇಕಾದ್ದು ಅವನ್ನು. ಕಾಟನ್ ಅಂತ ದೊಡ್ಡದಾಗಿ ಬರೆದು ಕೆಳಗೆ ಸಣ್ಣದಾಗಿ ಬೇರೆ ಬರೆದಿರುತ್ತಾರೆ. ಒಂದು ಕಪ್ಪು ಲೆಗ್ಗಿಂಗ್ಸ್, ಒಂದು ಬಿಳಿಯದು, ಎಲ್ಲಕ್ಕೂ ಹೊಂದುವ ಒಂದು ಕೆಂಪಂಚಿನ ದುಪಟ್ಟಾ, ಇವಿಷ್ಟು ಗಟ್ಟಿಯಾದದ್ದು ಕೊಂಡರೆ ಮೇಲಿನ ಕುರ್ತಿ ಅಗ್ಗದ್ದಾದರೂ ಯಾರಿಗೂ ತಿಳಿಯುವುದಿಲ್ಲ. ನಮ್ಮಂಥ ಕಪ್ಪುಬಣ್ಣದವರಿಗೆ ತಿಳಿ ಗುಲಾಬಿ ಬೇಡ ಎಂದು ಹೇಳುವವರ ಮಾತು ಕೇಳಬೇಕಾಗಿಲ್ಲ. ಇನ್ನೂರೈವತ್ತು ರೂಪಾಯಿಯ ಬಟ್ಟೆ ಹಾಕಿಕೊಂಡು ಕಾಲೇಜಿನ ಹುಡುಗಿ, ಬ್ಯಾಂಕಿನ ಕಸ ಗುಡಿಸುವವಳು, ಇಬ್ಬರೂ ಬೀದಿಯಲ್ಲಿ ಎದೆಯೆತ್ತಿ ನಡೆದದ್ದನ್ನು ನಾನು ನೋಡಿದ್ದೇನೆ. ಚೆನ್ನಾಗಿ ಕಾಣಬೇಕು ಅನ್ನುವ ಆಸೆಯನ್ನು ನಾನು ಯಾವತ್ತೂ ತಮಾಷೆ ಮಾಡಿಲ್ಲ.

ನೋವುಗಳನ್ನು ಕೂಡ ಗುರುತು ಹಿಡಿಯಲು ಕಲಿತೆ. ಹೆಚ್ಚಿನವು ಬೆನ್ನಿನವು, ಕತ್ತಿನವು. ಎಲ್ಲ ಬಟ್ಟೆಗೂ ಕಣ್ಣುರಿ ಇದ್ದದ್ದೇ. ಅವು ಯಾರದೋ ಏನೋ, ಬಂದವು ಹೋದವು. ಒಬ್ಬಳದು ಮಾತ್ರ ಮರೆಯಲಿಲ್ಲ.

ಬಿಳಿ ಹೂವಿನ ಅಂಚಿನ ನೀಲಿ ಕುರ್ತಿಯೊಂದು ಆಫರಿನಲ್ಲಿ ಬಂದಿತ್ತು. ಊರಿನ ಅರ್ಧ ಹೆಂಗಸರು ತರಿಸಿದ್ದರು. ಅದನ್ನು ಹಾಕಿಕೊಂಡರೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ನೋವು, ಮೊಳೆ ಇಟ್ಟು ತಿರುವಿದ ಹಾಗೆ. ಜೊತೆಗೆ ಕಿಬ್ಬೊಟ್ಟೆಯಲ್ಲಿ ಒಂದು ಬಿಗಿತ. ನಾನು ಮತ್ತೆ ಮತ್ತೆ ಬಚ್ಚಲಿಗೆ ಓಡಿದೆ, ಹೋದರೆ ಏನೂ ಇಲ್ಲ. ಲಕ್ಕತ್ತೆ ಅಕ್ಕಿ ಆರಿಸುತ್ತ ನನ್ನ ಓಡಾಟ ನೋಡಿ ಕೈ ನಿಲ್ಲಿಸಿದಳು.

"ಅದು ನಿನ್ನದಲ್ಲ ಕಣೆ. ಎದ್ದು ಹೋಗೋಕೆ ಬಿಡದೆ ತಡ್ಕೊಂಡು ಕೂತಿರೋ ನೋವು ಅದು. ಬಸ್ಸಲ್ಲಿ ಹೋಗುವಾಗ ನಂಗೂ ಆಗಿದೆ. ಆದ್ರೆ ಬಸ್ಸು ಎಲ್ಲಾದ್ರೂ ನಿಲ್ಲುತ್ತೆ."

ಎಲ್ಲ ನೀಲಿ ಕುರ್ತಿಗಳಲ್ಲೂ ಅವಳೇ ಇರಲಿಲ್ಲ. ನಾಲ್ಕರಲ್ಲಿ ಒಂದರಲ್ಲಿ ಇದ್ದಳು. ತೋಳಿಗೆ ಕೈ ಹಾಕಿದ ಕೂಡಲೇ ಹೆಬ್ಬೆರಳು ಹೇಳುತ್ತಿತ್ತು. ನಾವು ಅವಳನ್ನು ಹೆಬ್ಬೆರಳಿನವಳು ಎಂದು ಕರೆಯತೊಡಗಿದೆವು. ಗಂಡಸೂ ಇರಬಹುದಲ್ಲ ಎಂದು ಜಲಜ ಒಮ್ಮೆ ಕೇಳಿದಳು. ಅದಕ್ಕೆ ಉತ್ತರ ಸ್ವಲ್ಪ ದಿನದಲ್ಲೇ ಸಿಕ್ಕಿತು.

ಮೊದಲು ಸೊಂಟ ಹಿಡಿಯಿತು. ಮುಂದಿನ ಕುರ್ತಿಯಲ್ಲಿ ಪಾದ ಭಾರವಾದವು. ಅದರ ಮುಂದಿನದರಲ್ಲಿ ನಾನು ಬೆನ್ನು ಹಿಂದಕ್ಕೆ ಬಾಗಿಸಿ ಕಾಲು ಅಗಲಿಸಿ ನಡೆಯುತ್ತಿದ್ದೆ. ಆ ದಿನ ಕಿರಾಣಿ ಅಂಗಡಿಯ ಶಂಭಣ್ಣ ಗಲ್ಲಾದ ಹಿಂದಿನಿಂದ ಕೂಗಿದ.

"ಏನ್ ಹೊನ್ನಮ್ಮ, ಮದುವೆಗೆ ಕರೀಲೇ ಇಲ್ಲ. ಕಾಲು ಕೆಜಿ ಹುಣಸೆಹಣ್ಣು ಕಟ್ಲಾ?"

"ಇದು ನಿಮ್ಮ ಹೆಂಡ್ತಿ ತರಿಸಿದ ಕುರ್ತಿ ಶಂಭಣ್ಣ. ಹುಣಸೆಹಣ್ಣು ಮನೆಗೇ ತಗೊಂಡು ಹೋಗಿ, ಏನಂತಾರೋ ಕೇಳಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಪಕ್ಕೆಯ ಒಳಗಿನಿಂದ ಯಾರೋ ಒದ್ದ ಹಾಗಾಯಿತು. ನಾನು ಗೋಡೆ ಹಿಡಿದು ನಿಂತೆ. ಅಷ್ಟು ಭಾರ ಹೊತ್ತುಕೊಂಡು, ಎದ್ದು ಹೋಗಲೂ ಬಿಡದ ಜಾಗದಲ್ಲಿ, ಅವಳು ನೀಲಿ ಕುರ್ತಿಯ ಅಂಚು ಹೊಲಿಯುತ್ತ ಕೂತಿದ್ದಳು. ಅಂದಿನಿಂದ ನನಗೆ, ಆಮೇಲೆ ನಮ್ಮ ಬೀದಿಗೆಲ್ಲ ಒಂದೇ ಚಿಂತೆ: ಅವಳು ಉಳಿಯಬೇಕು, ಮಗು ಉಳಿಯಬೇಕು.

ಜಲಜ ಆ್ಯಪ್‌ನ ಸಹಾಯದ ನಂಬರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಆ ಕಡೆ ಒಂದು ಹುಡುಗಿ, ಮೆತ್ತನೆಯ ದನಿ.

"ಹೇಳಿ ಮೇಡಂ, ಸೈಜ್ ಪ್ರಾಬ್ಲಮ್ಮಾ, ಕಲರ್ ಪ್ರಾಬ್ಲಮ್ಮಾ?"

"ಬಟ್ಟೆ ಚೆನ್ನಾಗಿದೆಯಮ್ಮ. ಹೊಲಿದವಳು ಬಸುರಿ. ಅವಳನ್ನ ಸ್ವಲ್ಪ ಎದ್ದು ಓಡಾಡೋಕೆ ಬಿಡಿ ಅಂತ ಹೇಳ್ಬೇಕಿತ್ತು."

ಅವಳು, "ಮೇಡಂ, ನನ್ನ ಹತ್ರ ನಾಲ್ಕೇ ಬಟನ್ ಇರೋದು. ಸೈಜ್, ಕಲರ್, ಡ್ಯಾಮೇಜ್, ಬೇರೆ ಐಟಂ ಬಂದಿದೆ. ಯಾವ್ದು ಒತ್ಲಿ?" ಅಂದಳು. ಪಾಪ, ಅವಳಿಗೂ ಕತ್ತು ನೋಯುತ್ತಿತ್ತೇನೋ. ಅದು ಫೋನಿನಲ್ಲಿ ಬರುವುದಿಲ್ಲ.

ಆಗ ದಾರಿ ಹೇಳಿದವಳು ಲಕ್ಕತ್ತೆ. ನಮ್ಮೂರಿನಲ್ಲಿ ಬಟ್ಟೆ ಬೇಡವೆಂದು ವಾಪಸ್ ಕೊಟ್ಟರೆ ಅದು ರುಕ್ಮಣ್ಣನ ಕೈಗೇ ಹೋಗುತ್ತದೆ. ಎಲ್ಲಿ ಬಿಚ್ಚಬೇಕು, ಎಲ್ಲಿ ಹಿಡಿಯಬೇಕು ಎಂದು ನೋಡುವವನು ಹೊಲಿದವನೇ ತಾನೆ? ಹಾಗಿದ್ದರೆ ನೀಲಿ ಕುರ್ತಿ ವಾಪಸ್ ಕಳಿಸಿದರೆ ಹೆಬ್ಬೆರಳಿನವಳ ಕೈಗೇ ಹೋಗಬೇಕು. ಇದರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ರುಕ್ಮಣ್ಣನೂ ತಲೆಯಾಡಿಸಿದ. ಅವಳು ಇದ್ದ ಕುರ್ತಿಗಳಲ್ಲಿ ವಾಪಸ್ಸಿನ ಅವಧಿ ಮುಗಿಯದವನ್ನು ಬೀದಿಯ ಹೆಂಗಸರೆಲ್ಲ ತಂದು ಲಕ್ಕತ್ತೆಯ ಜಗಲಿಯಲ್ಲಿ ಇಟ್ಟರು. ಕೊಬ್ಬರಿ, ಬೆಲ್ಲ, ಒಣಶುಂಠಿ, ಒಂದು ಅರಿಶಿನದ ಕೊಂಬು, ಎಲ್ಲವನ್ನೂ ನುಣ್ಣಗೆ ಕುಟ್ಟಿ ಬಟ್ಟೆಯ ಸಣ್ಣ ಚೀಲಗಳಲ್ಲಿ ತುಂಬಿದೆವು. ರುಕ್ಮಣ್ಣ ಅವನ್ನು ಕುರ್ತಿಗಳ ಅಂಚಿನ ಒಳಗೆ ಹೊಲಿದುಕೊಟ್ಟ. ಮಡಿಲು ತುಂಬುವ ಹಾಡು ಕೂಡ ಹೇಳಿದೆವು. ಪಾರ್ಸೆಲ್ ಒಯ್ಯಲು ಬಂದ ಸಿದ್ದೇಶ ಚೀಲ ತೂಗಿ ನೋಡಿ, "ಏನ್ರಮ್ಮ, ಕುರ್ತಿ ಊಟ ಮಾಡಿದೆಯಾ?" ಅಂದ. ಸೈಜ್ ಸರಿಯಿಲ್ಲ ಎಂಬ ಬಟನ್ ಮೊದಲೇ ಒತ್ತಿದ್ದೆವು. ಅಂದು ಸಂಜೆ ಬೀದಿಯಲ್ಲಿ ಎಲ್ಲರ ಮುಖವೂ ಹಬ್ಬದ ಮಧ್ಯಾಹ್ನದ ಹಾಗಿತ್ತು.

ಮುಂದಿನ ಪಾರ್ಸೆಲ್‌ಗಾಗಿ ನಾನು ಕಾದೆ. ಬಂತು. ಬೇರೆ ಮನೆಯದು, ಹಸಿರು ಕುರ್ತಿ. ತೋಳಿಗೆ ಕೈ ಹಾಕುತ್ತಲೇ ಹೆಬ್ಬೆರಳು ಸಿಕ್ಕಿತು. ಶುಂಠಿ ತಿಂದವಳ ಮೈ ಹೇಗಿರುತ್ತದೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. ಬಂದದ್ದು ಹಸಿವು. ಹೊಟ್ಟೆಯ ಗೋಡೆಗಳು ಒಂದಕ್ಕೊಂದು ಉಜ್ಜುವಂಥ ಹಸಿವು, ನಾನು ಆಗತಾನೆ ಮುದ್ದೆ ಉಂಡು ಎದ್ದಿದ್ದರೂ. ಅದರ ಜೊತೆಗೆ ಎರಡೂ ಕಿವಿಗಳಲ್ಲಿ ಉರಿ, ಎಲ್ಲರ ಎದುರಿಗೆ ಬೈಸಿಕೊಂಡಾಗ ಬರುತ್ತದಲ್ಲ, ಅದು.

ರುಕ್ಮಣ್ಣನ ಅಂಗಡಿಗೆ ಹೋಗಿ ಹೇಳಿದೆ. ಅವನು ಕತ್ತರಿ ಕೆಳಗಿಟ್ಟ.

"ಇಷ್ಟು ದಿನ ಹಸಿವು ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ."

"ಹಂಗಾದ್ರೆ ಅವು ಅವಳ ಕೈಗೆ ಹೋಗಿಲ್ಲ ತಾಯಿ. ಅವಳ ಕೂಲಿಗೆ ಹೋಗಿವೆ. ಇಷ್ಟು ವಾಪಸ್ ಬಂತು, ನೀನು ಕೆಟ್ಟದಾಗಿ ಹೊಲ್ದಿದೀಯ ಅಂತ ಕೂಲಿ ಹಿಡ್ಕೊಂಡಿರ್ತಾರೆ."

ಲಕ್ಕತ್ತೆಗೆ ಹೇಳುವುದು ಬೇಡ ಎಂದುಕೊಂಡೇ ಮನೆಗೆ ಬಂದೆ. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಎರಡು ದಿನ ಒಲೆ ಹಚ್ಚಲಿಲ್ಲ ಅವಳು. ಜಲಜ ಬೈದು ಬೈದು ಊಟ ಮಾಡಿಸಿದಳು. ಅಲ್ಲಿಂದ ಮುಂದೆ ನಮ್ಮ ಬೀದಿಯಲ್ಲಿ ಯಾರೂ ಏನನ್ನೂ ವಾಪಸ್ ಕಳಿಸಲಿಲ್ಲ. ಭುಜ ಇಳಿದರೆ ಪಿನ್ನು ಹಾಕಿಕೊಂಡರು, ಬಿಗಿಯಾದರೆ ರುಕ್ಮಣ್ಣನ ಹತ್ತಿರ ಬಿಚ್ಚಿಸಿದರು, ಒಂದೇ ತೋಳಿದ್ದ ಕುರ್ತಿಯನ್ನು ಶಂಭಣ್ಣನ ಹೆಂಡತಿ ದಿಂಬಿನ ಕವರು ಮಾಡಿಕೊಂಡಳು. ಆದರೆ ಹೆಬ್ಬೆರಳಿನವಳು ಮಾತ್ರ ಬರಲಿಲ್ಲ. ಯಾರ್ಯಾರದೋ ಕತ್ತು, ಯಾರ್ಯಾರದೋ ಬೆನ್ನು ಬಂದವು.

ಆ ಹೊತ್ತಿಗೆ ಜಲಜಳಿಗೆ ಮದುವೆ ಗೊತ್ತಾಯಿತು. ನಿಶ್ಚಿತಾರ್ಥಕ್ಕೆ ಅವಳು ಆ್ಯಪ್‌ನಲ್ಲಿ ಲೆಹೆಂಗಾ ತರಿಸಿದಳು. ಸಾವಿರದ ಇನ್ನೂರರದ್ದು, ಮೂರು ಸಾವಿರದ್ದರ ಹಾಗೆ ಕಾಣುತ್ತಿತ್ತು; ಆರಿಸಿಕೊಟ್ಟವಳು ನಾನೇ. ನಿಶ್ಚಿತಾರ್ಥದ ಹಿಂದಿನ ದಿನ ಬೆಳಿಗ್ಗೆ ಅವಳ ಕೋಣೆಯಲ್ಲಿ ಅದನ್ನು ಹಾಕಿಕೊಂಡೆ. ಲಂಗದಲ್ಲಿ ಯಾರದೋ ಸೊಂಟ. ಮೇಲಿನ ಬ್ಲೌಸಿಗೆ ಕೈ ತೂರಿಸಿದಾಗ ಹೆಬ್ಬೆರಳು.

"ಬಂದ್ಲು" ಅಂದೆ.

ಎದೆಯಲ್ಲಿ ಕಲ್ಲು ಕಟ್ಟಿದ ಹಾಗಾಯಿತು. ಎರಡೂ ಕಡೆ ಬಿಗಿದು, ಬಿಸಿಯಾಗಿ, ಕೈ ಎತ್ತಿದರೆ ಕಂಕುಳವರೆಗೂ ಎಳೆಯುತ್ತಿತ್ತು. ಮದುವೆಯಾಗದವಳು ನಾನು, ಇಂಥ ನೋವು ನನಗೆ ಗೊತ್ತಿಲ್ಲ. ಲಕ್ಕತ್ತೆ ಬಂದು ನಾನು ನಿಂತ ರೀತಿ ನೋಡಿದಳು. ಹತ್ತಿರ ಬಂದು ಕೈಯ ಹಿಂಭಾಗದಿಂದ ನನ್ನ ಕೊರಳ ಕೆಳಗೆ ಮುಟ್ಟಿದಳು.

"ಹಾಲು ಕಟ್ಟಿದೆ. ಹೆತ್ತಿದಾಳೆ."

ಜಲಜ ಚಪ್ಪಾಳೆ ತಟ್ಟಿದಳು. ನನಗೂ ನಗು ಬಂತು, ನೋವಿನಲ್ಲೇ. ಲಕ್ಕತ್ತೆ ಮಾತ್ರ ನಗಲಿಲ್ಲ.

"ಮಗು ಇದ್ರೂ ಹಾಲು ಬರುತ್ತೆ, ಇಲ್ದಿದ್ರೂ ಬರುತ್ತೆ. ಕುಡಿಯೋಕೆ ಮಗು ಇದ್ದಿದ್ರೆ ಇಷ್ಟು ಕಟ್ತಿತ್ತಾ?"

"ಮನೇಲಿ ಬಿಟ್ಟು ಬಂದಿರ್ಬಹುದಲ್ಲಮ್ಮ" ಅಂದಳು ಜಲಜ.

"ಬಿಟ್ಟು ಬಂದಿರ್ಬಹುದು. ಅದನ್ನ ಈ ಬಟ್ಟೆ ಹೇಳಲ್ಲ."

ಹೊರಗೆ ಬಾಡಿಗೆ ಕುರ್ಚಿಗಳನ್ನು ಇಳಿಸುತ್ತಿದ್ದರು. ಜಲಜ ಬಾಗಿಲು ಹಾಕಿ ಬಂದು ನನ್ನ ಬೆನ್ನ ಹಿಂದೆ ನಿಂತು ಬ್ಲೌಸಿನ ಕೊಕ್ಕೆ ಬಿಚ್ಚತೊಡಗಿದಳು.

"ಇನ್ನೂ ಸಂಜೆ ಆಗಿಲ್ವಲ್ಲೇ" ಅಂದೆ.

"ಗೊತ್ತು. ಉಳಿದ ಹೊತ್ತು ನಾನು ಹಾಕ್ಕೋತೀನಿ. ನನ್ನ ನಿಶ್ಚಿತಾರ್ಥದ ಬಟ್ಟೆ ಹೊಲ್ದಿದಾಳೆ ಹೊನ್ನಕ್ಕ ಅವಳು. ಅರವತ್ತು ರೂಪಾಯಿ ಕೊಟ್ಟು ನಿನ್ನ ಮೇಲೆ ಹಾಕಿ ನಾನು ಮೆಹೆಂದಿ ಹಚ್ಕೊಂಡು ಕೂತ್ಕೊಳ್ಲಾ?"

ಅವಳು ಹಾಕಿಕೊಂಡಳು. ದೀಪ ಹಚ್ಚುವವರೆಗೂ ಗೋಡೆಗೆ ಒರಗಿ ಕೂತಿದ್ದಳು, ಮೆಹೆಂದಿ ಹಚ್ಚುವವಳಿಗೆ ಕೈ ಚಾಚಲು ಕೂಡ ಆಗದೆ. ಮದುಮಗಳಿಗೆ ಏನಾಗಿದೆ ಎಂದು ಕೇಳಿದವರಿಗೆಲ್ಲ ಲಕ್ಕತ್ತೆ ಇದ್ದದ್ದನ್ನೇ ಹೇಳಿದಳು. ಕೇಳಿದವರು ಸುಮ್ಮನೆ ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತು ಬಂದರು. ಮಾರನೆಯ ದಿನ ಅವಳು ಆ ಲೆಹೆಂಗಾದಲ್ಲಿ ಬಹಳ ಚೆನ್ನಾಗಿ ಕಂಡಳು. ಯಾರೂ ಅದರ ಬೆಲೆ ಕೇಳಲಿಲ್ಲ.

ಅದಾದ ಮೇಲೆ ನನಗೆ ಕೆಲಸ ಕಡಿಮೆಯಾಯಿತು. ಯಾರೂ ಬೇಡವೆಂದು ಹೇಳಲಿಲ್ಲ. ಪಾರ್ಸೆಲ್ ಬಂದರೆ ತಾವೇ ಬಿಚ್ಚಿ ತಾವೇ ಹಾಕಿಕೊಳ್ಳತೊಡಗಿದರು. ಹೆಬ್ಬೆರಳು ತಮಗೇ ಸಿಕ್ಕಲಿ ಎಂದು ಎಲ್ಲರಿಗೂ ಆಸೆ. ಬೆಳಿಗ್ಗೆ ಬೀದಿಯಲ್ಲಿ ಒಬ್ಬರಿಗೊಬ್ಬರು, "ಬಂದ್ಲಾ?" "ಇಲ್ಲ, ನಂದು ಯಾರದೋ ಕತ್ತು" ಎಂದು ಕೇಳಿ ಹೇಳಿಕೊಳ್ಳುತ್ತಿದ್ದರು. ಅವಳು ಮತ್ತೆ ಎಲ್ಲೂ ಸಿಗಲಿಲ್ಲ. ಸಂಕ್ರಾಂತಿ ಬಂದು ಹೋಯಿತು. ಜಲಜ ಮದುವೆಯಾಗಿ ಊರಿನ ಆ ತುದಿಗೆ ಹೋದಳು. ಲಕ್ಕತ್ತೆ ಆ ಮಾತನ್ನೇ ಎತ್ತುವುದನ್ನು ಬಿಟ್ಟಳು. ಎತ್ತದಿದ್ದರೆ ಏನು ಅರ್ಥ ಎಂದು ನನಗೆ ಗೊತ್ತಿತ್ತು. ನಾನು ರುಕ್ಮಣ್ಣನ ಅಂಗಡಿಯಲ್ಲಿ ಕಾಜಾ ಹೊಲಿಯಲು, ಗುಂಡಿ ಹಚ್ಚಲು ಕೂತೆ. ಈಗ ಹಬ್ಬದ ದಿನ ಊರಿನವರಿಗೆ ಮಂಡಿಯ ಜೊತೆ ನನ್ನ ತೋರುಬೆರಳಿನ ಚುಚ್ಚೂ ಬರುತ್ತದೆ. ವಿಚಾರಿಸಲು ಬಂದವರು ನನಗೂ ಬೇರೆ ಎಣ್ಣೆ ತರುತ್ತಾರೆ.

ಬೇಸಿಗೆಯ ಶುರುವಿಗೆ, ಮೊದಲ ಸಲ, ನನಗಾಗಿ ಒಂದು ಬಟ್ಟೆ ತರಿಸಿದೆ. ಇಷ್ಟು ದಿನ ಊರಿನ ಬಟ್ಟೆಯೆಲ್ಲ ಹಾಕಿದ್ದೆ, ಹೊಸದೊಂದನ್ನು ನನ್ನದೆಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಲಿಲ್ಲ. ನೀಲಿ ಹಳೆಯ ಫ್ಯಾಷನ್ ಆಗಿ ಹಿಂದೆ ಬಿದ್ದಿತ್ತು. ನಾನು ಆರಿಸಿದ್ದು ತಿಳಿ ಗುಲಾಬಿ, ನೂರ ತೊಂಬತ್ತೊಂಬತ್ತು, ಬಚ್ಚಲ ಕನ್ನಡಿಯ ಫೋಟೋಗಳನ್ನೆಲ್ಲ ನೋಡಿದ ಮೇಲೆ. ಬೆಳಿಗ್ಗೆ ಸ್ನಾನ ಮಾಡಿ ಹಾಕಿಕೊಂಡೆ. ಮೊದಲ ಸಲ ಚೀಟಿ ಕಿತ್ತು ಎಸೆದೆ.

ಹೆಬ್ಬೆರಳು.

ಕನ್ನಡಿಯ ಮುಂದೆಯೇ ನೆಲದ ಮೇಲೆ ಕೂತೆ. ಎದೆಯಲ್ಲಿ ಭಾರ ಇತ್ತು, ಆದರೆ ಕಲ್ಲಿನ ಹಾಗಲ್ಲ. ಕಣ್ಣು ಉರಿಯಿತು. ಹಸಿವು ಇರಲಿಲ್ಲ. ಕಿಬ್ಬೊಟ್ಟೆಯ ಬಿಗಿತ ಇತ್ತು. ಅವಳನ್ನು ಇನ್ನೂ ಎದ್ದು ಹೋಗಲು ಬಿಡುತ್ತಿರಲಿಲ್ಲ. ಮತ್ತೆ ಎಡಗಡೆ, ಮೊಲೆಯ ತುದಿಯಲ್ಲಿ, ಒಂದು ಸಣ್ಣ ನೋವು. ಚುರುಕ್ ಎಂದು, ಹೊಸ ಥರದ್ದು, ಎರಡು ಸೂಜಿ ಒಟ್ಟಿಗೆ ತಾಗಿದ ಹಾಗೆ. ಏನೆಂದು ತಿಳಿಯಲಿಲ್ಲ. ಏನೋ ಗಾಯ, ಏನೋ ರೋಗ ಎಂದು ಹೆದರಿ ಲಕ್ಕತ್ತೆಯ ಮನೆಗೆ ಓಡಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಕೇಳಿಸಿಕೊಂಡಳು.

"ಎರಡು ಕಡೆ ಚುಚ್ಚುತ್ತಾ? ಹತ್ತಿರ ಹತ್ತಿರ?"

"ಹೂಂ."

ಲಕ್ಕತ್ತೆ ಹೆಂಚಿನ ಮೇಲಿನ ರೊಟ್ಟಿಯನ್ನು ಮರೆತಳು.

"ಹಲ್ಲು ಬಂದಿದೆ ಕಣೆ ಹೊನ್ನಿ! ಕಚ್ಚಿದೆ ಕಣೆ ಅದು, ಅವ್ವನ್ನ ಕಚ್ಚಿದೆ!"

ಹಾಗೆಂದು ಕೂಗುತ್ತಲೇ ಬೀದಿಗೆ ಓಡಿದಳು. ರೊಟ್ಟಿ ಸೀದುಹೋಯಿತು. ನಾನು ಒಲೆಯ ಮುಂದೆ ಆ ನೋವನ್ನು ಸಂಜೆಯವರೆಗೂ ಇಟ್ಟುಕೊಂಡು ಕೂತಿದ್ದೆ. ದೀಪ ಹಚ್ಚುವ ಹೊತ್ತಿಗೆ ಅದು ಇಳಿಯಿತು.

ನನ್ನ ಅರವತ್ತು ರೂಪಾಯಿಯ ಕೆಲಸ ಹೋಯಿತು, ಅದು ಮತ್ತೆ ಬರುವುದಿಲ್ಲ. ನಾವು ಕಳಿಸಿದ ಕೊಬ್ಬರಿ ಬೆಲ್ಲ ಅವಳಿಗೆ ಸಿಕ್ಕಲಿಲ್ಲ, ಅದರಿಂದ ಅವಳು ಉಪವಾಸ ಬಿದ್ದಳು. ಅವಳ ಹೆಸರು ನಮಗೆ ಗೊತ್ತಿಲ್ಲ, ನಾವು ವಿಚಾರಿಸಿದ್ದು ಅವಳಿಗೆ ಗೊತ್ತಿಲ್ಲ. ಮಗು ಇದೆ. ಅದಕ್ಕೆ ಎರಡು ಹಲ್ಲು ಬಂದಿವೆ.